ಹಳೆಯ ಗಣಕಯಂತ್ರವನ್ನು ಮಾರುವ ಮುನ್ನ



ಜಮಖಂಡಿ ತಾಲ್ಲೂಕಿನ ಸಾವಳಗಿಯಂಥ ಊರಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ಅನೇಕರು ಎಲ್ಲಿಗೆ ಹೋಗುತ್ತಾರೆ? ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗೆ. ನಿಮ್ಮ ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಅಲ್ಲಿ ಸ್ಕ್ಯಾನ್ ಆಗುತ್ತವೆ. ತಂದೆಯವರ ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕು ಕೂಡ ಅದೇ ಗಣಕಯಂತ್ರವನ್ನು ಸೇರುತ್ತವೆ. ನಾಲ್ಕಾರು ವರ್ಷಗಳ ನಂತರ ಆ ಯಂತ್ರ ಗುಜರಿಗೆ ಹೋದರೆ, ಅದರೊಡನೆ ಊರಿನವರ ಕಾಗದಪತ್ರಗಳೂ ಹೋದಂತೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಆದುದರಿಂದ ಹಳೆಯ ಯಂತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆ ಈಗ ಅನೇಕರ ಮುಂದಿದೆ.

“ಎಲ್ಲವನ್ನೂ ಡಿಲೀಟ್ ಮಾಡಿದರೆ ಸಾಲದೇ?” ಎಂದು ನೀವು ಕೇಳಬಹುದು. ಸಾಲದು. ಪುಸ್ತಕದ ಪರಿವಿಡಿಯಲ್ಲಿ ಒಂದು ಪಾಠದ ಹೆಸರನ್ನು ಹೊಡೆದುಹಾಕಿದರೆ ಒಳಗಿನ ಪಾಠ ಮಾಯವಾಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿಯೂ ಹೀಗೆಯೇ. ಡಿಲೀಟ್ ಮಾಡಿದಾಗ ಆ ಜಾಗ ಖಾಲಿ ಇದೆ ಎಂದು ಗುರುತಾಗುತ್ತದೆ, ಅಷ್ಟೇ. ಅದರ ಮೇಲೆ ಬೇರೆ ಮಾಹಿತಿ ಬರೆಯುವವರೆಗೂ ಹಳೆಯದು ಉಳಿದಿರುತ್ತದೆ. ಸಾಧಾರಣ ತಂತ್ರಾಂಶದಿಂದಲೂ ಅದನ್ನು ಹೊರತೆಗೆಯಬಹುದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಪರಿಣಾಮ ಹೆಚ್ಚುಕಡಿಮೆ ಇದೇ.

ಅಮೆರಿಕದ ಎಂ.ಐ.ಟಿ.ಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ಸಂಶೋಧಕರು ಬಳಸಿದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು ಕೇವಲ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಸಿಕ್ಕಿದವು.

ಹಾಗಾದರೆ ಏನು ಮಾಡಬೇಕು? ಮೊದಲು ಬೇಕಾದ ಕಡತಗಳನ್ನು ಬೇರೆಡೆ ನಕಲು ಮಾಡಿ, ಅವು ತೆರೆಯುತ್ತವೆಯೇ ಎಂದು ನೋಡಿಕೊಳ್ಳಿ. ಇ-ಮೇಲ್ ಖಾತೆಗಳಿಂದ ಹೊರಬನ್ನಿ. ವಿಂಡೋಸ್ 10 ಅಥವಾ 11 ಇದ್ದರೆ ರಿಸೆಟ್ ಸೌಲಭ್ಯದಲ್ಲಿ ಎಲ್ಲವನ್ನೂ ತೆಗೆದುಹಾಕುವ ಆಯ್ಕೆಯ ಜೊತೆಗೆ ಡ್ರೈವನ್ನು ಶುಚಿಗೊಳಿಸುವ ಆಯ್ಕೆಯನ್ನೂ ಆರಿಸಿಕೊಳ್ಳಿ. ಇದಕ್ಕೆ ಹಲವು ಗಂಟೆ ಹಿಡಿದೀತು, ಅವಸರ ಬೇಡ. ಎಸ್‌ಎಸ್‌ಡಿ ಇದ್ದರೆ ಅದರ ತಯಾರಕರು ಕೊಡುವ ಅಳಿಸುವ ತಂತ್ರಾಂಶ ಹೆಚ್ಚು ಸೂಕ್ತ. ಯಂತ್ರ ಕೆಟ್ಟು ನಿಂತಿದ್ದರೆ ಡಿಸ್ಕನ್ನು ಬಿಚ್ಚಿ ತೆಗೆದಿಟ್ಟುಕೊಳ್ಳಿ. ಬೇಡವಾದರೆ ತಿಳಿದವರಿಂದ ಒಳಗಿನ ತಟ್ಟೆಗಳಿಗೆ ಡ್ರಿಲ್‌ನಿಂದ ತೂತು ಹಾಕಿಸಿ. ಸುಡುವುದು ಮಾತ್ರ ಬೇಡ, ಹೊಗೆ ವಿಷಕಾರಿ. ಉಳಿದ ಭಾಗಗಳನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ತಲುಪಿಸುವುದು ಒಳ್ಳೆಯದು.

ಇದು ಕೇವಲ ಎಚ್ಚರಿಕೆಯ ಮಾತಲ್ಲ, ಹಕ್ಕಿನ ಮಾತೂ ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ತತ್ವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ.

ಆದುದರಿಂದ ಮುಂದಿನ ಸಲ ಅರ್ಜಿ ತುಂಬಿಸಿದಾಗ, “ಅಣ್ಣಾರ, ಕೆಲಸ ಮುಗೀತಲ್ಲ, ನಮ್ಮ ಕಾಗದ ಅಳಿಸಿಬಿಡ್ರಿ” ಎಂದು ವಿನಯದಿಂದಲೇ ಕೇಳಿ. ನಿಮ್ಮ ಶಾಲೆ ಕಾಲೇಜಿನ ಹಳೆಯ ಯಂತ್ರಗಳು ಹರಾಜಿಗೆ ಬಂದಾಗಲೂ, ಡಿಸ್ಕನ್ನು ಅಳಿಸಿದ್ದಾರೆಯೇ ಎಂದು ಗುರುಗಳನ್ನು ಕೇಳಿ. ಅದರಲ್ಲಿ ನಿಮ್ಮದಲ್ಲದೆ ನಿಮ್ಮ ಗೆಳೆಯರ ವಿವರಗಳೂ ಇರುತ್ತವೆ.