ಕೋಟಿ ರೂಪಾಯಿ ಕಾರಿಗೆ ಒಂದು ಚಿಲಕ ಇಲ್ಲವೇ?



ಇವತ್ತು ರಾಜಕೀಯ ಇಲ್ಲ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದೆಹಲಿ ವಿಮಾನ ಹತ್ತಿದರು, ಅದೆಲ್ಲ ನಾಳೆ ನೋಡೋಣ. ಇವತ್ತು ಒಂದು ಕಾರಿನ ಕಥೆ ಹೇಳ್ತೀನಿ. ಕೋಟಿ ರೂಪಾಯಿ ದಾಟಿದ ಎಲೆಕ್ಟ್ರಿಕ್ ಕಾರು. ಅದನ್ನು ಕಟ್ಕೊಂಡು ನಮಗೇನಾಗಬೇಕು ಸ್ವಾಮಿ, ನಮ್ಮೂರಿಗೆ ಬಸ್ ಸರಿಯಾಗಿ ಬಂದರೆ ಸಾಕು ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಇವತ್ತು ಕೋಟಿ ಕಾರಿಗೆ ಬಂದ ಫ್ಯಾಷನ್ನು ನಾಳೆ ನಮ್ಮ ನಿಮ್ಮ ಕಾರಿಗೂ ಬರುತ್ತೆ. ಬಾಗಿಲೊಳಗೆ ಅಡಗಿ ಕೂರೋ ಹಿಡಿಕೆ ಇದೆಯಲ್ಲಾ, ಅದು ಇಪ್ಪತ್ತು ಲಕ್ಷದ ಒಳಗಿನ ಕಾರುಗಳಿಗೆ ಆಗಲೇ ಬಂದಾಗಿದೆ.

ಕಳೆದ ಏಪ್ರಿಲ್‌ನಲ್ಲಿ ಬೈಲಹೊಂಗಲ ತಾಲೂಕಿನ ದೊಡವಾಡಕ್ಕೆ ಹೋಗಿದ್ದೆ, ಮದುವೆಗೆ. ಕರೆದುಕೊಂಡು ಹೋದವನು ನನ್ನ ಕಾಲೇಜು ಗೆಳೆಯ. ದೊಡವಾಡದವನೇ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿ. ಹೊಸ ಕಾರು ತಗೊಂಡು ಎರಡೇ ತಿಂಗಳಾಗಿತ್ತು. ಹಿಂದಿನ ಸೀಟಿನಲ್ಲಿ ಅವನ ತಾಯಿ, ವಯಸ್ಸು 78. ಮಗನ ಕಾರಿನಲ್ಲಿ ಊರಿಗೆ ಹೋಗ್ತಾ ಇದ್ದೀನಿ ಅನ್ನೋ ಹಿಗ್ಗು ಅವರ ಮುಖದಲ್ಲಿ. ಕಾರು ಸೊಗಸಾಗಿತ್ತು, ಸುಳ್ಳು ಹೇಳಬಾರದು. ಮೇಲೆ ಪೂರ್ತಿ ಗಾಜಿನ ಚಾವಣಿ. ಎದುರಿಗೆ ನಮ್ಮನೆ ಟಿವಿಯಷ್ಟು ದೊಡ್ಡ ಪರದೆ. ಒಳಗೆ ಕೂತರೆ ಹೊರಗಿನ ಲಾರಿ ಹಾರ್ನ್ ಕೂಡ ಕೇಳೋದಿಲ್ಲ. ಹುಬ್ಬಳ್ಳಿಯಲ್ಲಿ ಚಾರ್ಜ್ ಮಾಡಿಸಿಕೊಂಡೆವು. ಧಾರವಾಡ ದಾಟಿ ಬೈಲಹೊಂಗಲದ ಕಡೆ ಹೊರಳಿದ ಮೇಲೆ ಪರದೆಯಲ್ಲಿ ಏನೋ ಒಂದು ಕೆಂಪು ಸೂಚನೆ ಬಂತು. ಗೆಳೆಯ ಅದನ್ನು ಒತ್ತಿ ಅಳಿಸಿದ. ‘ಸಾಫ್ಟ್‌ವೇರ್ ಅಪ್‌ಡೇಟ್ ಇರಬೇಕು ತಗೋ’ ಅಂದ.

ಊರು ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಏಪ್ರಿಲ್ ತಿಂಗಳು, ಎರೆ ನಾಡಿನ ಬಿಸಿಲು. ಹೊಲಗಳೆಲ್ಲ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಮದುವೆ ಮನೆಗೆ ಸ್ವಲ್ಪ ದೂರದಲ್ಲಿ ನಿಲ್ಲಿಸಿದೆವು. ಅವ್ವಾರಿಗೆ ಮೊಣಕಾಲು ನೋವು. ‘ನೀವ್ ಇಳೀರಿ, ಯಾರನ್ನರ ಕರಕೊಂಡ ಬರ್ರಿ, ಅಲ್ಲೀತನಕ ನಾ ತಂಪಿನ್ಯಾಗ ಕೂಡತೀನಿ’ ಅಂದರು. ನಾವಿಬ್ಬರೂ ಇಳಿದು ಬಾಗಿಲು ಹಾಕಿದೆವು. ಹಿಡಿಕೆಗಳು ಮೆಲ್ಲಗೆ ಒಳಗೆ ಸರಿದವು. ಹತ್ತು ಹೆಜ್ಜೆ ಹೋಗಿರಲಿಲ್ಲ, ಕಾರಿನ ದೀಪ ಒಂದು ಸಲ ಮಿನುಗಿ ಆರಿತು.

ತಿರುಗಿ ಬಂದರೆ ಬಾಗಿಲು ತೆಗೀತಿಲ್ಲ. ಹಿಡಿಕೆ ಹೊರಗೆ ಬರ್ತಿಲ್ಲ. ಕೀಲಿ ಅಂತ ಬೇರೆ ಇಲ್ಲ, ಮೊಬೈಲೇ ಕೀಲಿ. ಮೊಬೈಲ್ ಒತ್ತಿದರೆ ಕಾರಿಗೆ ಕೇಳಿಸ್ತಿಲ್ಲ. ಒಳಗೆ ಎಸಿ ನಿಂತಿದೆ, ಮೇಲೆ ಗಾಜಿನ ಚಾವಣಿ, ಒಳಗೆ 78 ವರ್ಷದ ಹೆಣ್ಣುಮಗಳು. ಅವರು ಗಾಜು ಬಡೀತಿದ್ದಾರೆ. ನಾವು ಕೂಗಿದ್ದು ಅವರಿಗೆ ಕೇಳ್ತಿಲ್ಲ, ಅವರು ಕೂಗಿದ್ದು ನಮಗೆ ಕೇಳ್ತಿಲ್ಲ. ಆ ನಿಶ್ಶಬ್ದಕ್ಕೇ ಅಲ್ಲವೇ ಗೆಳೆಯ ಹೆಚ್ಚಿಗೆ ದುಡ್ಡು ಕೊಟ್ಟದ್ದು!

ಗೆಳೆಯ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ. ‘ನೀವಿರುವ ಸ್ಥಳ ಹೇಳಿ ಸರ್.’ ದೊಡವಾಡ. ‘ದೊಡ್ಡ ಏನು ಸರ್? ಪಿನ್ ಕೋಡ್ ಹೇಳ್ತೀರಾ? ಹತ್ತಿರದ ಮಾಲ್ ಯಾವುದು?’ ಆಮೇಲೆ ಸಂಗೀತ. ಆ ಸಂಗೀತ ಇನ್ನೂ ನನ್ನ ಕಿವಿಯಲ್ಲಿದೆ.

ಅಷ್ಟರಲ್ಲಿ ಜನ ಸೇರಿದ್ದರು. ಪಂಕ್ಚರ್ ಅಂಗಡಿ ಹುಡುಗ ಒಬ್ಬ ಕಾರಿನ ಸುತ್ತ ಒಂದು ಸುತ್ತು ಹಾಕಿದ. ‘ಸಾಹೇಬ್ರ, ಇದಕ್ಕ ಹಿಡಿಕೀನ ಇಲ್ಲಲ್ರಿ’ ಅಂದ. ಸುತ್ತಿಗೆ ತಂದು ಕಿಟಕಿಗೆ ಹೊಡೆದ. ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು, ಬೀಳಲಿಲ್ಲ. ಯಾಕೆ ಗೊತ್ತಾ? ಹೊರಗಿನ ಸದ್ದು ಒಳಗೆ ಬರಬಾರದು ಅಂತ ಇಂಥ ಕಾರುಗಳ ಪಕ್ಕದ ಕಿಟಕಿಗೂ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿರ್ತಾರೆ. ಮಾಮೂಲಿ ಕಾರಿನ ಕಿಟಕಿ ಗಾಜು ಒಂದೇಟಿಗೆ ಪುಡಿಯಾಗುತ್ತೆ. ಇದು ಆಗೋದಿಲ್ಲ. ಕೊನೆಗೆ ಯಾರೋ ಹಾರೆ ತಂದರು. ಮೂರು ನಾಲ್ಕು ಏಟಿಗೆ ತೂತು ಬಿತ್ತು. ಮಗ್ಗುಲಿನ ಗಾಜನ್ನು ಕಿತ್ತು, ಕಂಬಳಿ ಹಾಸಿ, ಅವ್ವಾರನ್ನು ಎತ್ತಿ ಹೊರಗೆ ತಂದೆವು. ಎಲ್ಲ ಸೇರಿ ಕಾಲು ಗಂಟೆಗೂ ಸ್ವಲ್ಪ ಮೇಲೆ. ಸೀರೆ ಬೆವರಿನಲ್ಲಿ ತೊಯ್ದಿತ್ತು. ನೀರು ಕುಡಿದು, ಸುಧಾರಿಸಿಕೊಂಡು, ಮಗನ ಮುಖ ನೋಡಿ ಒಂದೇ ಮಾತು ಕೇಳಿದರು: ‘ಇಷ್ಟ ರೊಕ್ಕಾ ತಗೊಂಡಾರ, ಒಂದ ಚಿಲಕ ಹಚ್ಚಲಿಕ್ಕೆ ಏನಾಗಿತ್ತಪಾ ಅವರಿಗೆ?’

ಕಂಪನಿಯ ಹೆಸರು ನಾನು ಹೇಳೋದಿಲ್ಲ. ರೋಗ ಒಂದು ಕಂಪನಿಯದಲ್ಲ. ಈಗ ನಾನು ಹೆಸರು ಹಿಡಿದು ಹೇಳೋ ಕಂಪನಿಗಳಲ್ಲಿ ಯಾವುದೂ ಗೆಳೆಯನ ಕಾರಿನದಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ.

ಸತ್ತದ್ದು ಏನು? ದೊಡ್ಡ ಬ್ಯಾಟರಿ ಅಲ್ಲ. ಅದು ಮುಕ್ಕಾಲು ತುಂಬಿಯೇ ಇತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ ಇರ್ತವೆ. ಚಕ್ರ ತಿರುಗಿಸೋದು ಕೆಳಗಿರೋ ದೊಡ್ಡದು, ನೂರಾರು ವೋಲ್ಟಿನದು. ಬಾಗಿಲು, ಬೀಗ, ಪರದೆ, ಕಂಪ್ಯೂಟರ್ ಇವನ್ನೆಲ್ಲ ಎಬ್ಬಿಸೋದು ಹೆಚ್ಚಿನ ಕಾರುಗಳಲ್ಲಿ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲಿ ಇರೋದೇ. ದೊಡ್ಡದರಿಂದ ಚಿಕ್ಕದಕ್ಕೆ ಕರೆಂಟ್ ಇಳಿಸಿ ತುಂಬಿಸೋ ಒಂದು ಸಾಧನ ಇರುತ್ತೆ. ಅದು ಕೆಟ್ಟರೆ ಚಿಕ್ಕದು ಬರಿದಾಗುತ್ತೆ, ಕಾರು ಕಲ್ಲಾಗುತ್ತೆ. ಹಗೇವು ತುಂಬ ಜೋಳ ಇದ್ದು ಮನೆಮಂದಿ ಉಪವಾಸ ಇದ್ದ ಹಾಗೆ. 2024ರಲ್ಲಿ ಹ್ಯುಂಡೈ ಕಂಪನಿ ನಮ್ಮ ದೇಶದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ಇದೇ ಜಾಗದ ದೋಷಕ್ಕೆ ವಾಪಸ್ ಕರೆಸಿಕೊಂಡಿತ್ತು. ಕರೆಸಿ ನೋಡಿಕೊಟ್ಟರಲ್ಲ, ಅದು ಸರಿಯಾದ ಕೆಲಸ.

ಬಾನೆಟ್ ಎತ್ತಿ ಆ ಚಿಕ್ಕ ಬ್ಯಾಟರಿಗೆ ಬೇರೆ ಗಾಡಿಯ ಕರೆಂಟ್ ಕೊಡಬಾರದಾಗಿತ್ತೇ ಅಂತೀರಾ? ಪಂಕ್ಚರ್ ಅಂಗಡಿ ಹುಡುಗನೂ ಅದನ್ನೇ ಕೇಳಿದ. ಬಾನೆಟ್ ತೆಗೆಯೋ ಬಟನ್ನು ಕಾರಿನ ಪರದೆಯ ಮೇಲಿತ್ತು. ಪರದೆ ಸತ್ತಿತ್ತು.

ಒಳಗಿನಿಂದ ತೆಗೆಯೋಕೆ ಕರೆಂಟ್ ಬೇಡದ ಒಂದು ತಂತಿ ಇದ್ದೇ ಇತ್ತು, ವೀಕ್ಷಕರೇ. ಆಮೇಲೆ ಗೊತ್ತಾಯ್ತು. ಸೀಟಿನ ಪಕ್ಕ ಒಂದು ಮುಚ್ಚಳ, ಅದರೊಳಗೆ. ಮುಚ್ಚಳದ ಬಣ್ಣವೂ ಕಪ್ಪು, ಸುತ್ತಲಿನ ಬಣ್ಣವೂ ಕಪ್ಪು. ಕಾರು ಚೆಂದ ಕಾಣಲಿ ಅಂತ ಮುಚ್ಚಿಟ್ಟಿದ್ದಾರೆ. ಕನ್ನಡ ಬಿಡಿ, ಇಂಗ್ಲಿಷಿನಲ್ಲೂ ಒಂದು ಅಕ್ಷರ ಬರೆದಿಲ್ಲ. ಇಂಥದ್ದಕ್ಕೆ ವಿನ್ಯಾಸ ಅಂತ ಹೆಸರು.

ಹಾಗಾದರೆ ಹಿಡಿಕೆಯನ್ನು ಒಳಗೆ ಯಾಕೆ ಹಾಕಿದರು? ಗಾಳಿಗೆ ಅಡ್ಡ ಬರಬಾರದು, ಒಂದು ಚಾರ್ಜಿಗೆ ಹೆಚ್ಚು ಕಿಲೋಮೀಟರ್ ಸಿಗಬೇಕು ಅಂತಾರೆ. ಗಾಳಿಯನ್ನು ಸೀಳೋ ಆಕಾರದಿಂದ ಲಾಭ ಇದೆ, ಒಪ್ಪೋಣ. ಆದರೆ ಆ ಲಾಭದಲ್ಲಿ ಹಿಡಿಕೆಯ ಪಾಲು ತೀರ ಅಲ್ಪ. ಕಾರಿನ ಒಟ್ಟು ಮೈಕಟ್ಟು, ತಳಭಾಗ, ಚಕ್ರ ಇವು ಮಾಡೋ ಕೆಲಸ ದೊಡ್ಡದು. ಹಿಡಿಕೆ ಅಡಗಿಸೋದು ಬಹುಪಾಲು ನೋಟಕ್ಕೆ. ಇನ್ನು ಆ ದೊಡ್ಡ ಪರದೆ. ಹತ್ತಾರು ಬಟನ್ನು, ಅವುಗಳ ಅಚ್ಚು, ವೈರು ಎಲ್ಲ ತೆಗೆದು ಒಂದು ಪರದೆ ಕೂರಿಸಿದರೆ ಕಂಪನಿಗೆ ಉಳಿತಾಯ. ಉಳಿತಾಯ ಅವರದು, ಅದನ್ನು ಐಷಾರಾಮ ಅಂತ ಹೆಸರಿಟ್ಟು ನಮ್ಮ ಹತ್ತಿರವೇ ದುಡ್ಡು ವಸೂಲಿ. ಎಂಬತ್ತರ ವೇಗದಲ್ಲಿ ಹೋಗುವಾಗ ಎಸಿ ಗಾಳಿ ಆ ಕಡೆ ತಿರುಗಿಸೋಕೆ ಪರದೆಯಲ್ಲಿ ಮೂರು ಸಲ ಒತ್ತಬೇಕು ಅಂದ್ರೆ ಅದು ಸುಖವಾ ಸ್ವಾಮಿ?

ಇದು ನನ್ನೊಬ್ಬನ ಕೊರಗು ಅಂದುಕೊಳ್ಳಬೇಡಿ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಟೆಸ್ಲಾದ 2021ರ ಮಾಡೆಲ್ ವೈ ಕಾರುಗಳ ಬಾಗಿಲ ಹಿಡಿಕೆ ಬಗ್ಗೆ ತನಿಖೆ ಶುರು ಮಾಡಿತು. ಸುಮಾರು 1 ಲಕ್ಷ 74 ಸಾವಿರ ಕಾರು. ಮಕ್ಕಳು ಒಳಗೆ, ತಂದೆತಾಯಿ ಹೊರಗೆ, ಬಾಗಿಲು ತೆಗೀತಿಲ್ಲ, ಗಾಜು ಒಡೆದದ್ದೂ ಇದೆ. ಚೀನಾದ ಚೆಂಗ್ದುವಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಶಿಯೋಮಿ ಎಸ್‌ಯು7 ಕಾರು ಅಪಘಾತವಾಗಿ ಬೆಂಕಿ ಹತ್ತಿಕೊಂಡಾಗ ದಾರಿಯಲ್ಲಿದ್ದವರು ಓಡಿ ಬಂದು ಬಾಗಿಲು ತೆಗೆಯೋಕೆ ನೋಡಿದರು, ಆಗಲಿಲ್ಲ. ಒಳಗಿದ್ದವನು ಉಳಿಯಲಿಲ್ಲ. ಎಲೆಕ್ಟ್ರಿಕ್ ಕಾರು ಅತಿ ಹೆಚ್ಚು ತಯಾರಿಸೋ ದೇಶವೇ ಈಗ ನಿಯಮ ಮಾಡಿದೆ: 2027ರ ಜನವರಿ 1ರಿಂದ ಹೊಸ ಮಾಡೆಲ್‌ಗಳ ಬಾಗಿಲಿಗೆ ಕರೆಂಟ್ ಇಲ್ಲದೆಯೂ ಕೈಯಿಂದ ತೆಗೆಯೋ ವ್ಯವಸ್ಥೆ ಒಳಗೂ ಇರಬೇಕು, ಹೊರಗೂ ಇರಬೇಕು. ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ಕೈಗೆ ಸಿಗೋ ಬಟನ್ನು ಇಲ್ಲದಿದ್ದರೆ ಅಂಕ ಕಡಿಮೆ ಕೊಡ್ತೀವಿ ಅಂತ ಹೇಳಿದೆ. ಅಂಥದ್ದೇ ಖಡಕ್ ನಿಯಮ ನಮ್ಮಲ್ಲೂ ಬರಲಿ. ನಮ್ಮ ಸಂಸದರು ಕೇಳಲಿ.

ನಾನು ಎಲೆಕ್ಟ್ರಿಕ್ ಕಾರಿನ ವಿರೋಧಿ ಅಲ್ಲ. ಹಾಗೆ ಹೇಳೋಕೆ ಕನ್ನಡಿಗರಿಗೆ ಬಾಯಿಯೇ ಬರಬಾರದು. 2001ರಲ್ಲೇ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ಅವರ ರೇವಾ ಕಾರು ತಯಾರಾಗ್ತಿತ್ತು. ಎರಡು ಬಾಗಿಲಿನ ಪುಟ್ಟ ಡಬ್ಬಿ, ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರ್ ಅಂತ ಲೆಕ್ಕ. ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. ಅಪಘಾತವಾದರೆ ಗತಿಯೇನು ಅಂತ ಅಲ್ಲಿನವರು ಟೀಕೆಯನ್ನೂ ಮಾಡಿದರು, ಆ ಟೀಕೆಯಲ್ಲಿ ಹುರುಳಿತ್ತು. 2010ರಲ್ಲಿ ಮಹೀಂದ್ರ ಕಂಪನಿ ಅದರ ಹೆಚ್ಚಿನ ಪಾಲು ಕೊಂಡಿತು. ಬಡ ಕಾರು ಅದು. ಆದರೆ ಬಾಗಿಲಿಗೆ ಹಿಡಿಕೆ ಇತ್ತು. 2022ರಿಂದ ಹೊಸಕೋಟೆಯಲ್ಲಿ ವೋಲ್ವೊದ ಎಲೆಕ್ಟ್ರಿಕ್ ಕಾರು ಜೋಡಣೆ ಆಗ್ತಿದೆ. ಅಂದ್ರೆ ಈ ಐಷಾರಾಮಿ ಕಾರು ನಮಗೆ ದೂರದ ಮಾತಲ್ಲ, ನಮ್ಮ ಹುಡುಗರೇ ಬೋಲ್ಟ್ ಬಿಗೀತಿದ್ದಾರೆ.

ಎಲೆಕ್ಟ್ರಿಕ್ ಮೋಟಾರು ಗಟ್ಟಿ. ಎಂಜಿನ್ನಿನ ಕಾಲು ಭಾಗದಷ್ಟೂ ಬಿಡಿಭಾಗ ಅದರಲ್ಲಿಲ್ಲ, ಆಯಿಲ್ ಬದಲಿಸೋ ತಲೆಬಿಸಿ ಇಲ್ಲ. ಹಾಗಿದ್ದೂ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ 2023ರ ಸಮೀಕ್ಷೆಯಲ್ಲಿ ಎಲೆಕ್ಟ್ರಿಕ್ ಕಾರುಗಳಲ್ಲಿ ಪೆಟ್ರೋಲ್ ಕಾರಿಗಿಂತ ಶೇಕಡ 79ರಷ್ಟು ಹೆಚ್ಚು ತೊಂದರೆ ಕಂಡಿತ್ತು. ಮರುವರ್ಷ ಅದು ಶೇಕಡ 42ಕ್ಕೆ ಇಳಿಯಿತು. ಗಟ್ಟಿ ಮೋಟಾರಿನ ಮೇಲೆ ಹೇರಿದ ಸಾಫ್ಟ್‌ವೇರು, ಸೆನ್ಸರು, ತಾನಾಗಿ ಸರಿಯೋ ಹಿಡಿಕೆ, ಇವೇ ಕೈಕೊಡೋದು ಅಂತ ನನ್ನ ಅಭಿಪ್ರಾಯ. ಚಕ್ಕಡಿಯ ಕಡಾಣಿ ಬಿದ್ದುಹೋದರೆ ಬದುವಿನ ಮೇಲಿನ ಒಂದು ಕಟ್ಟಿಗೆ ಮುರಿದು ಸಿಗಿಸಿಕೊಂಡು ಮನೆ ಸೇರಬಹುದು. ಆ ಬುದ್ಧಿ ಕೋಟಿ ಕಾರಿಗೆ ಯಾಕೆ ಬೇಡ?

ಮೈಲೇಜಿನ ಮಾತೂ ಹೇಳಿಬಿಡ್ತೀನಿ. 2022ರಲ್ಲಿ ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸಿದ ಮರ್ಸಿಡಿಸ್ ಇಕ್ಯೂಎಸ್ ಬಂದಾಗ ಬೆಲೆ 1 ಕೋಟಿ 55 ಲಕ್ಷ, ಒಂದು ಚಾರ್ಜಿಗೆ 857 ಕಿಲೋಮೀಟರ್ ಅಂತ ಸರ್ಟಿಫಿಕೇಟು. ಆ ಅಂಕಿ ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಗದಿತ ವೇಗದಲ್ಲಿ ಓಡಿಸಿ ತೆಗೆದ ಲೆಕ್ಕ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿ ನೂರರ ವೇಗದಲ್ಲಿ ಹೋದರೆ ಯಾವ ಕಂಪನಿಯ ಕಾರೂ ಸರ್ಟಿಫಿಕೇಟಿನ ಅಂಕಿ ಮುಟ್ಟೋದಿಲ್ಲ. ಇನ್ನು ಊರಲ್ಲಿ ಚಾರ್ಜ್ ಮಾಡ್ತೀರಾ? ಮನೆಯ 15 ಆಂಪ್ ಪ್ಲಗ್ಗಿನಲ್ಲಿ ನೂರು ಯೂನಿಟ್ಟಿನ ಬ್ಯಾಟರಿ ತುಂಬೋಕೆ ಸುಮಾರು 30 ಗಂಟೆ. ನಡುವೆ ಕರೆಂಟ್ ಹೋಗಬಾರದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತೆ ಅಂತ ರಾತ್ರಿ ಎದ್ದು ಕೂರೋ ರೈತನಿಗೆ ಈ ಮಾತು ಹೇಳಿ ನೋಡಿ, ನಗ್ತಾನೆ.

ರಾಜ್ಯ ಸರ್ಕಾರ 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇಕಡ 10ರಷ್ಟು ಆಜೀವ ತೆರಿಗೆ ಹಾಕಿತು. ಕೋಟಿ ಕಾರಿಗೆ ಹತ್ತು ಲಕ್ಷ. ಹಾಕಲಿ, ಉಳ್ಳವರು ಕೊಡಲಿ. ಆದರೆ ಆ ದುಡ್ಡಿನಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗದಂಥ ತಾಲೂಕು ಊರುಗಳ ಐಟಿಐ ಹುಡುಗರಿಗೆ ಎಲೆಕ್ಟ್ರಿಕ್ ಗಾಡಿ ರಿಪೇರಿ ಕಲಿಸಿ. ಕೋಟಿ ಕಾರಿಗಲ್ಲ, ನಾಳೆ ಬರೋ ಎಲೆಕ್ಟ್ರಿಕ್ ಆಟೋಗೆ, ಟ್ರ್ಯಾಕ್ಟರಿಗೆ ಅವರೇ ಬೇಕು.

ಕಾರಿನ ಗತಿ ಏನಾಯ್ತು ಅಂತ ಕೇಳ್ತೀರಿ. ಮರುದಿನ ಅದನ್ನು ಹೊತ್ತೊಯ್ಯೋ ಲಾರಿ ಬಂತು. ರಾತ್ರಿ ಅಡ್ಡಮಳೆ ಬಿದ್ದಿತ್ತು. ಕರೆಂಟಿಲ್ಲದೆ ಕಾರಿನ ಬ್ರೇಕ್ ಬಿಡ್ತಿಲ್ಲ, ಚಕ್ರ ಉರುಳ್ತಿಲ್ಲ. ನಾಲ್ಕು ಚಕ್ರದ ಅಡಿಗೂ ಪುಟ್ಟ ಗಾಲಿ ಕೊಟ್ಟು ಜಾರಿಸಿ ಹತ್ತಿಸೋಕೆ ಎರಡು ತಾಸು. ಹತ್ತಿಸಿದ ಮೇಲೆ ಲಾರಿ ಎರೆಮಣ್ಣಿನಲ್ಲಿ ಹೂತಿತು. ಊರಿನ ಟ್ರ್ಯಾಕ್ಟರು ಲಾರಿಯನ್ನು ಎಳೆಯಿತು. ಡೀಸೆಲ್ ದುಡ್ಡು ಕೊಡೋಕೆ ಹೋದರೆ ಟ್ರ್ಯಾಕ್ಟರಿನವರು ತಗೊಳ್ಳಲಿಲ್ಲ. ‘ಇರಲಿ ಬಿಡ್ರಿ, ಆಯಿ ಆರಾಮ ಅದಾರಲ್ಲ’ ಅಂದರು.

ಗಾಜು, ಬಾಗಿಲು, ಆ ಸಾಧನ ಎಲ್ಲ ಬದಲಿಸಿ ಕಾರು ವಾಪಸ್ ಬರೋಕೆ ಏಳು ವಾರ ಹಿಡಿಯಿತು. ಗೆಳೆಯ ಅದನ್ನು ಮಾರಲಿಲ್ಲ, ಈಗಲೂ ಓಡಿಸ್ತಾನೆ. ದೀಪಾವಳಿಗೆ ಊರಿಗೆ ಹೋದಾಗ ಬೈಲಹೊಂಗಲದ ಸ್ಟಿಕ್ಕರ್ ಅಂಗಡಿಯಲ್ಲಿ ನಾಲ್ಕು ಕೆಂಪು ಸ್ಟಿಕ್ಕರ್ ಮಾಡಿಸಿ ನಾಲ್ಕೂ ಸೀಟಿನ ಪಕ್ಕ ಹಚ್ಚಿದ್ದಾನೆ. ‘ಬಾಗಿಲು ತೆಗೆಯದಿದ್ದರೆ ಈ ಮುಚ್ಚಳ ಕಿತ್ತು ತಂತಿ ಎಳೆಯಿರಿ’ ಅಂತ, ದೊಡ್ಡ ಕನ್ನಡ ಅಕ್ಷರದಲ್ಲಿ. ಕಾರಿನ ಚೆಂದ ಕೆಟ್ಟಿತು ಅಂತ ಸರ್ವಿಸ್ ಸೆಂಟರಿನವರು ಬೇಜಾರು ಮಾಡಿಕೊಂಡರಂತೆ. ನಾಲ್ಕಕ್ಕೂ ಸೇರಿ ಖರ್ಚು ಎಂಬತ್ತು ರೂಪಾಯಿ.