ಋಣದ ಲೆಕ್ಕ



ಗಣಿತಶಾಸ್ತ್ರಜ್ಞನಾದ ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸಂಖ್ಯೆಗಳನ್ನು ಧನವೆಂದೂ ಋಣವೆಂದೂ ವಿಂಗಡಿಸಿದ್ದಾನೆ. ಶೂನ್ಯಕ್ಕಿಂತ ಮೇಲಿನದು ಧನ, ಕೆಳಗಿನದು ಋಣ. ಇಂದಿಗೂ ನಿಮ್ಮ ಮಕ್ಕಳು ಶಾಲೆಯಲ್ಲಿ ಇವೇ ಹೆಸರುಗಳಿಂದ ಲೆಕ್ಕ ಕಲಿಯುತ್ತಾರೆ. ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ವಿದ್ಯಾವಂತರೂ ಎಡವುವುದು ಈ ಮೊದಲ ಪಾಠದಲ್ಲಿಯೇ. ಬ್ಯಾಂಕಿನವರು ಒಂದು ಲಕ್ಷ ರೂಪಾಯಿಯ ಮಿತಿ ಕೊಟ್ಟರೆ, ತಮ್ಮಲ್ಲಿ ಒಂದು ಲಕ್ಷವಿದೆಯೆಂದು ಭಾವಿಸುತ್ತಾರೆ. ಇರುವುದು ಸಾಲ ಮಾಡುವ ಅನುಮತಿ ಮಾತ್ರ. ಕಾಯಕದಿಂದ ಬಂದುದನ್ನು ವೆಚ್ಚ ಮಾಡುವುದು ಬೇರೆ, ಮುಂದಿನ ತಿಂಗಳ ಕಾಯಕದ ಫಲವನ್ನು ಇಂದೇ ಅಡವಿಡುವುದು ಬೇರೆ.

ಹಾಗೆಂದು ಕಾರ್ಡೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಗಡುವಿನೊಳಗೆ ಬಿಲ್ಲಿನ ಪೂರ್ತಿ ಹಣ ಕಟ್ಟುವವನಿಗೆ ಖರೀದಿಗಳ ಮೇಲೆ ಬಡ್ಡಿಯಿಲ್ಲ. ನಡುರಾತ್ರಿ ಆಸ್ಪತ್ರೆಗೆ ಮುಂಗಡ ಕಟ್ಟಬೇಕಾಗಿ ಬಂದರೆ ಅದು ಮಾನ ಕಾಯುತ್ತದೆ. ಕೇಡಿರುವುದು ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು ಅಚ್ಚಾಗಿರುವ ಆ ಚಿಕ್ಕ ಅಂಕಿಯಲ್ಲಿ.

ಲೆಕ್ಕ ಹಾಕಿ ನೋಡಿ. ಬಾಕಿ 20,000 ರೂಪಾಯಿ. ನೂರಕ್ಕೆ ಐದರಂತೆ ಕನಿಷ್ಠ ಪಾವತಿ 1,000. ತಿಂಗಳಿಗೆ ನೂರಕ್ಕೆ ಮೂರೂವರೆಯ ಬಡ್ಡಿಯಾದರೆ 700. ಆ ಬಡ್ಡಿಯ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. 126. ಸಾವಿರ ಕಟ್ಟಿದವನ ಅಸಲು ಇಳಿದದ್ದು ಕೇವಲ 174 ರೂಪಾಯಿ! ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಅಕ್ಕಿಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ನಗದು ತೆಗೆದರಂತೂ ಪೂರ್ತಿ ಕಟ್ಟುವವನಿಗೂ ಬಡ್ಡಿ ತಪ್ಪದು, ಮೇಲೆ ಶುಲ್ಕ ಬೇರೆ. ಸಂಸ್ಕೃತದಲ್ಲಿ ಇಂಥ ಬಡ್ಡಿಗೆ ಚಕ್ರವೃದ್ಧಿಯೆಂದು ಹೆಸರಿಟ್ಟವರು ಬಹಳ ಬಲ್ಲವರು.

ಹೋದ ವರ್ಷ ಭಕ್ತರೊಬ್ಬರು ಪೂಜೆ ಮುಗಿದ ಮೇಲೂ ಹೋಗದೆ ಹಿಂದುಳಿದರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಗೆ ಮೂರು ಕಾರ್ಡು. ಒಂದರ ಸಾಲ ಇನ್ನೊಂದರಿಂದ ತೀರಿಸುತ್ತ ಎರಡು ವರ್ಷ ಹೆಂಡತಿಗೂ ತಿಳಿಸಿರಲಿಲ್ಲ. "ಬುದ್ಧೀ, ಹೊಲ ಮಾರಲೇ?" ಎಂದರು. ಹೊಲಕ್ಕೆ ಕೈ ಹಚ್ಚಬೇಡಿ, ಮೊದಲು ಮಗನನ್ನು ಸೊಸೆಯೊಡನೆ ಕರೆತನ್ನಿ ಎಂದೆವು. ಬಂದರು. ಹುಡುಗ ತಲೆ ಎತ್ತಲಿಲ್ಲ. ಆ ತಾಯಿ ಮಾತಾಡದೆ ಕೈಬಳೆ ಬಿಚ್ಚಿ ಮುಂದಿಟ್ಟಳು. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಅರ್ಧಕ್ಕಿಂತಲೂ ಕಡಿಮೆ. ಆ ಹಣದಿಂದ ಎರಡು ಕಾರ್ಡುಗಳ ಬಾಕಿ ತೀರಿಸಿ, ಮೂರನೆಯದನ್ನು ಕಂತಿಗೆ ಮಾಡಿಸಿಕೊಳ್ಳಲು ಹೇಳಿದೆವು.

ಸಾಲಗಾರನೆಂದು ಯಾರೂ ಹೆದರಿ ಮೂಲೆ ಸೇರಬೇಕಾಗಿಲ್ಲ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಪೀಡಿಸಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟವಾಗಿ ಸೂಚಿಸಿತು. ಬಾಕಿ ತೀರಿಸಿದವನು ಕಾರ್ಡು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ತೆರಬೇಕು ಎಂಬುದೂ ಅದೇ ವರ್ಷದ ನಿಯಮ. ಆ ಹುಡುಗ ಎರಡನ್ನು ಹಾಗೆಯೇ ಮುಚ್ಚಿಸಿದ್ದಾನೆ. ಮೂರನೆಯದರ ಕಂತು ಇನ್ನೂ ಹನ್ನೊಂದು ತಿಂಗಳಿದೆ. ತಾಯಿಯ ಬಳೆ ಬ್ಯಾಂಕಿನಲ್ಲಿಯೇ ಇವೆ.