ಸ್ನಾತಕೋತ್ತರದ ಮೊದಲ ತಿಂಗಳು



ಎಂ.ಎ.ಗೋ ಎಂ.ಕಾಂ.ಗೋ ಸೀಟು ಸಿಕ್ಕಿತೆಂದರೆ ನಮ್ಮ ಮಂಡ್ಯ ಸೀಮೆಯ ಮನೆಗಳಲ್ಲಿ ಮೊದಲು ಬರುವುದು ಬಸ್ಸಿನ ಮಾತು. ಮಳವಳ್ಳಿಯ ಹುಡುಗಿ ತೂಬಿನಕೆರೆಯ ಸ್ನಾತಕೋತ್ತರ ಕೇಂದ್ರಕ್ಕೆ ಹೋಗಬೇಕಾದರೆ ಮಂಡ್ಯಕ್ಕೆ ಬಂದು ಇಳಿದು, ಅಲ್ಲಿಂದ ಶ್ರೀರಂಗಪಟ್ಟಣದ ಕಡೆಯ ಬಸ್ಸು ಹತ್ತಬೇಕು. ಊರು ಇನ್ನೂ ಒಳಗೆ, ಹಲಗೂರಿನ ಆಚೆಗೋ ಕಿರುಗಾವಲಿನ ಹತ್ತಿರವೋ ಇದ್ದರೆ ಇನ್ನೊಂದು ಬಸ್ಸು. ಮದ್ದೂರಿನವರಿಗೆ ರೈಲಾದರೂ ಇದೆ, ಮಳವಳ್ಳಿಗೆ ಅದೂ ಇಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಇಂಥ ಮಕ್ಕಳು ನಮ್ಮ ತರಗತಿಗಳಲ್ಲಿ ಬಹಳ ಮಂದಿ. ಎಷ್ಟೋ ಮನೆಗಳಲ್ಲಿ ಡಿಗ್ರಿ ದಾಟಿ ಓದುತ್ತಿರುವವರು ಇವರೇ ಮೊದಲಿಗರು. "ಇನ್ನೂ ಓದೋದೈತಾ?" ಎಂದು ಅಜ್ಜಿ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬಹುದು. ಆದರೆ ಸ್ಕಾಲರ್‌ಶಿಪ್ಪಿಗೆ ಯಾವಾಗ ಅರ್ಜಿ ಹಾಕಬೇಕು, ಲೈಬ್ರರಿಯಲ್ಲಿ ಏನು ಸಿಗುತ್ತದೆ, ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು ಎಂದು ಈ ಹುಡುಗಿ ಕೇಳಿದರೆ ಉತ್ತರ ಹೇಳುವವರು ಮನೆಯಲ್ಲಿಲ್ಲ. ಈ ಹೊತ್ತಿನ ನನ್ನ ಮಾತು ಅಂಥ ಹುಡುಗ ಹುಡುಗಿಯರಿಗೆ, ಅವರ ಮನೆಯವರಿಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಆಮೇಲೂ ಬಹುಕಾಲ ಇಲ್ಲಿಯವರು ಎಂ.ಎ. ಓದಬೇಕೆಂದರೆ ಮೈಸೂರಿಗೇ ಹೋಗಬೇಕಿತ್ತು. 1960ರಲ್ಲಿ ಆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಆವರಣ ಮಾನಸಗಂಗೋತ್ರಿ ಆದ ಮೇಲೆ ಅಲ್ಲಿಗೆ. ಹೋದವರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡರು, ಮಠದ ಹಾಸ್ಟೆಲ್ಲು, ಸಮುದಾಯದ ಹಾಸ್ಟೆಲ್ಲುಗಳಲ್ಲಿ ಉಳಿದರು. ಆ ಕಷ್ಟವನ್ನು ಹಾಡಿ ಹೊಗಳಬೇಕಾಗಿಲ್ಲ, ಓದು ಅರ್ಧಕ್ಕೆ ಬಿಟ್ಟವರೂ ಇದ್ದರು, ಹೆಣ್ಣುಮಕ್ಕಳಿಗಂತೂ ಆ ದಾರಿ ಮುಚ್ಚಿದಂತೆಯೇ ಇತ್ತು. ಆದರೆ ಅಲ್ಲೊಂದು ಏರ್ಪಾಡು ತನ್ನಷ್ಟಕ್ಕೆ ನಡೆಯುತ್ತಿತ್ತು. ಹಾಸ್ಟೆಲ್ಲಿನ ಕೋಣೆಯಲ್ಲಿ ಒಬ್ಬ ಸೀನಿಯರ್ ಇರುತ್ತಿದ್ದ. ಫೀಸು ಕಟ್ಟುವ ಕೌಂಟರು, ಹಳೆಯ ಪ್ರಶ್ನೆಪತ್ರಿಕೆ, ಯಾವ ಮೇಷ್ಟ್ರ ಹತ್ತಿರ ಧೈರ್ಯವಾಗಿ ಮಾತಾಡಬಹುದು ಎನ್ನುವುದನ್ನೆಲ್ಲ ಅವನು ರಾತ್ರಿ ಊಟವಾದ ಮೇಲೆ ಹೇಳಿಕೊಡುತ್ತಿದ್ದ.

ಈಗ ಸ್ನಾತಕೋತ್ತರ ಶಿಕ್ಷಣ ಮನೆಯ ಹತ್ತಿರಕ್ಕೆ ಬಂದಿದೆ. ತೂಬಿನಕೆರೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಸ್ನಾತಕೋತ್ತರ ಕೇಂದ್ರವಿದೆ. ಮಂಡ್ಯದ ಸರ್ಕಾರಿ ಮಹಾವಿದ್ಯಾಲಯ 2019ರಲ್ಲಿ ಏಕೀಕೃತ ವಿಶ್ವವಿದ್ಯಾಲಯವಾಯಿತು. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್., ಎಂ.ಬಿ.ಎ. ಇವೆ. ವಿ.ಸಿ. ಫಾರ್ಮಿನ ಕೃಷಿ ಕಾಲೇಜಿನಲ್ಲಿ ಎಂ.ಎಸ್‌ಸಿ. ಕೃಷಿ ಇದೆ. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ಬೆಳೆಸಿದ ಭಾರತೀ ಕಾಲೇಜಿನಲ್ಲೂ ಸ್ನಾತಕೋತ್ತರ ಕೇಂದ್ರವಿದೆ. ಹಿಂದೆ ಮದುವೆಯ ಮಾತು ಶುರುವಾಗುತ್ತಿದ್ದ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಇವತ್ತು ಎಂ.ಕಾಂ. ಓದುತ್ತಿದ್ದಾರೆಂದರೆ ಅದಕ್ಕೆ ಈ ಹತ್ತಿರವೇ ದೊಡ್ಡ ಕಾರಣ. ಇದು ಸಣ್ಣ ಸಂಗತಿಯಲ್ಲ. ಆದರೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿಗೆ ಆ ಹಾಸ್ಟೆಲ್ಲಿನ ಸೀನಿಯರ್ ಸಿಗುವುದಿಲ್ಲ. ಅವನು ಮಾಡುತ್ತಿದ್ದ ಕೆಲಸವನ್ನು ಈಗ ಕಾಲೇಜು ಬೇಕೆಂದೇ ಮಾಡಬೇಕು. ಕಾಲೇಜು ಮಾಡದಿದ್ದರೆ ವಿದ್ಯಾರ್ಥಿಯೇ ಕೇಳಿ ಪಡೆಯಬೇಕು.

ಓರಿಯೆಂಟೇಶನ್ ಅಂತ ಒಂದು ದಿನ ಇರುತ್ತದೆ, ನಿಜ. ದೀಪ ಬೆಳಗುತ್ತಾರೆ, ಅತಿಥಿಗಳು ಮಾತಾಡುತ್ತಾರೆ, ಶಾಲು ಹಾರ ಆಗುತ್ತದೆ. ಸ್ಕಾಲರ್‌ಶಿಪ್, ಲೈಬ್ರರಿ, ದೂರು ಸಮಿತಿ ಇವುಗಳ ಸರದಿ ಬರುವ ಹೊತ್ತಿಗೆ ಊರಿನ ಬಸ್ಸಿನ ಸಮಯವಾಗಿರುತ್ತದೆ. ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರು ಆ ದಿನ ಸೇರಿಯೇ ಇರುವುದಿಲ್ಲ. ಹಾಗಾಗಿ ಅಲ್ಲಿ ಹೇಳದೆ ಉಳಿಯುವ ಮಾತುಗಳನ್ನು ನಾನಿಲ್ಲಿ ಹೇಳುತ್ತೇನೆ.

ಮೊದಲು ಕಾಗದಪತ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಮೂರೂ ಒಂದೇ ಇವೆಯೇ ನೋಡಿಕೊಳ್ಳಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬಷ್ಟು ಸಣ್ಣ ವ್ಯತ್ಯಾಸಕ್ಕೆ ಹಣ ನಿಂತುಹೋಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಅವುಗಳ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವುದು, ಕೇಳುವುದು ಆ ನಂಬರನ್ನೇ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಕಾಲೇಜು ಶುರುವಾದ ವಾರವೇ ಹೊಸದಕ್ಕೆ ಅರ್ಜಿ ಕೊಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿಗೇ ಹೋಗಿ ವಿಚಾರಿಸಿ. ಎರಡು ಖಾತೆಗಳಿದ್ದರೆ ಹಣ ಯಾವುದಕ್ಕೆ ಬರುತ್ತದೆ ಎಂದೂ ಕೇಳಿ. ಇನ್ನು ದಾಖಲೆಗಳಿಗೆ ಇ-ದೃಢೀಕರಣ ಮಾಡುವ ಅಧಿಕಾರಿ ಕಾಲೇಜಿನಲ್ಲೇ ಇರುತ್ತಾರೆ. ಕೊನೆಯ ದಿನಾಂಕದ ಹಿಂದಿನ ದಿನ ಅವರ ಮೇಜಿನ ಮುಂದೆ ಸಾಲು ನಿಲ್ಲುವುದಕ್ಕಿಂತ ಮೊದಲ ತಿಂಗಳಲ್ಲೇ ಹೋಗುವುದು ಒಳ್ಳೆಯದು. ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ವಲಸೆ ಪ್ರಮಾಣಪತ್ರವೂ ಬೇಕು.

ಹಣದ ವಿಷಯದಲ್ಲಿ ಇನ್ನೆರಡು ಮಾತು. ಮೆಟ್ರಿಕ್ ನಂತರದ ಹಾಸ್ಟೆಲ್ಲುಗಳಿಗೆ, ಅವು ಸಮಾಜ ಕಲ್ಯಾಣ ಇಲಾಖೆಯವಾಗಲಿ ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ಲಾಗಲಿ, ಅರ್ಜಿ ಬೇರೆಯೇ ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ಹಾಸ್ಟೆಲ್ ಸೀಟು ಬರುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಯ ಸಹಾಯಕ್ಕೆಂದು ವಿದ್ಯಾಸಿರಿ ಯೋಜನೆ ಇದೆ. ಇನ್ನೊಂದು, ಯುವನಿಧಿ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ ಕೊಡುವ ಈ ಯೋಜನೆ ಮುಂದೆ ಓದಲು ಸೇರಿದವರಿಗೆ ಅನ್ವಯಿಸುವುದಿಲ್ಲ. ಸೀಟು ಸಿಕ್ಕ ಮೇಲೂ ಅದನ್ನು ಪಡೆಯುತ್ತಾ ಹೋದರೆ ಮುಂದೆ ತೊಂದರೆಯಾಗುತ್ತದೆ. ಮನೆಯ ಹಿರಿಯರು ಇದನ್ನು ಗಮನಿಸಬೇಕು.

ಪ್ರಯಾಣದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗಂಡುಮಕ್ಕಳು ವಿದ್ಯಾರ್ಥಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಮದ್ದೂರು ಮಂಡ್ಯದ ನಡುವೆ ಓಡಾಡುವವರಿಗೆ ರೈಲಿನ ಸೀಸನ್ ಟಿಕೆಟ್ ಇದೆ. ಬೈಕಿನಲ್ಲಿ ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಅವಕಾಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ, ನಿಧಾನವಾಗಿ ಹೋಗಿ.

ಈಗ ಲೈಬ್ರರಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಡಿಗ್ರಿಗೂ ಸ್ನಾತಕೋತ್ತರಕ್ಕೂ ಇರುವ ನಿಜವಾದ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಡಿಗ್ರಿಯಲ್ಲಿ ಗೈಡು, ನೋಟ್ಸು ಸಾಕಾಗುತ್ತಿತ್ತು. ಇಲ್ಲಿ ಕೊನೆಗೆ ಒಂದು ಪ್ರಾಜೆಕ್ಟು, ಒಂದು ಕಿರುಪ್ರಬಂಧ ಬರೆಯಬೇಕಾಗುತ್ತದೆ. ಆಗ ಇಂಟರ್‌ನೆಟ್ಟಿನಿಂದ ಕತ್ತರಿಸಿ ಅಂಟಿಸುವವರೂ ಇದ್ದಾರೆ, ಅಂಗಡಿಗೆ ದುಡ್ಡು ಕೊಟ್ಟು ಮಾಡಿಸುವವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ. ವಿಷಯ ಎಲ್ಲಿ ಹುಡುಕಬೇಕೆಂದು ಅವರಿಗೆ ಯಾರೂ ತೋರಿಸಿಲ್ಲ.

ತೋರಿಸುವುದು ಕಷ್ಟವೂ ಅಲ್ಲ. ಚರಿತ್ರೆಯ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಹತ್ತನೆಯ ಶತಮಾನದಲ್ಲಿ, ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅಲ್ಲಿ ಸಿಕ್ಕಿತು. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಸುದ್ದಿಯೂ ಆ ಶಾಸನದಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಾಠ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿ ಸಿಗುತ್ತದೆ. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊರತಂದ ಸಂಪುಟಗಳನ್ನು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ಮದ್ದೂರಿನ ವಿದ್ಯಾರ್ಥಿ ಆ ಸಂಪುಟ ತೆರೆದರೆ ತಾನು ದಿನಾ ಬಸ್ಸಿನಲ್ಲಿ ದಾಟುವ ಊರುಗಳ ಹೆಸರುಗಳೇ ಸಾಲುಸಾಲಾಗಿ ಕಾಣುತ್ತವೆ. ಅದೇ ತಾಲ್ಲೂಕಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಆ ಕಾಲದ ಸರ್ಕಾರಿ ಕಡತಗಳಿಗೆ ಮೈಸೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಂಡು ಹೋಗಿ. ಅರ್ಥಶಾಸ್ತ್ರದವರಿಗೆ 1933ರಲ್ಲಿ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆ ಇದೆ, ಆಲೆಮನೆಗಳಿವೆ, ಮದ್ದೂರಿನ ಎಳನೀರು ಮಾರುಕಟ್ಟೆ ಇದೆ, ಮಳವಳ್ಳಿಯ ರೇಷ್ಮೆ ಇದೆ. ಸಸ್ಯಶಾಸ್ತ್ರದವರಿಗೆ ಇಂಡಾಫ್ ರಾಗಿ ತಳಿಗಳು ಹುಟ್ಟಿದ ವಿ.ಸಿ. ಫಾರ್ಮ್ ಕೂಗಳತೆಯಲ್ಲಿದೆ. ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಆ ತಳಿಗಳನ್ನು ತಂದದ್ದು ಅಲ್ಲೇ.

ಯಾರು ಏನು ಬರೆದಿದ್ದಾರೆಂದು ನೋಡಲು ಶೋಧಗಂಗಾ ಎಂಬ ಜಾಲತಾಣವಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತವೆ, ಕನ್ನಡದವೂ ಇವೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಓದಬಹುದು. ದುಡ್ಡು ಕೊಟ್ಟು ತರಿಸುವ ನಿಯತಕಾಲಿಕೆಗಳಿಗೆ ಕಾಲೇಜು ಚಂದಾ ಕಟ್ಟಿದ್ದರೆ ಅದರ ಪಾಸ್‌ವರ್ಡ್ ಗ್ರಂಥಪಾಲಕರ ಹತ್ತಿರ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಕೇಳುವವರೇ ಕಡಿಮೆ.

ಭಾಷೆಯ ಮಾತು ಇಲ್ಲಿ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ವಾರ ಇಂಗ್ಲಿಷ್ ಪಾಠ ಕೇಳಿ ಮಂಕಾಗುತ್ತಾರೆ. ನಿಮ್ಮ ವಿಷಯದಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೇ ಎಂದು ಆ ವಾರವೇ ವಿಭಾಗದಲ್ಲಿ ಕೇಳಿ. ಕಲಾ ವಿಷಯಗಳಲ್ಲಿ ಆ ಅವಕಾಶ ಇರುತ್ತದೆ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಚೆನ್ನಾಗಿ ಬರೆಯುವುದು ಯಾವ ರೀತಿಯಲ್ಲೂ ಕೀಳಲ್ಲ. ಜೊತೆಗೆ ಇಂಗ್ಲಿಷಿನಲ್ಲಿ ಓದುವುದನ್ನು ದಿನಕ್ಕೆ ಒಂದು ಪುಟದಂತೆ ರೂಢಿಸಿಕೊಳ್ಳಿ.

ಇನ್ನು ಅಂಕಪಟ್ಟಿ. ಅದರ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯ ಮುಂದೆ ಮಂಡ್ಯವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಇಲ್ಲಿನ ವಿದ್ಯಾರ್ಥಿಗಳು ಎಷ್ಟು ಕಳವಳಪಟ್ಟರೆಂದು ನಮಗೆ ಗೊತ್ತು. ನಿಮ್ಮ ನೋಂದಣಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆಗಿದೆ ಎಂದು ಕೇಳುವುದು ನಿಮ್ಮ ಹಕ್ಕು. ಕೇಳಿ, ಬರೆದಿಟ್ಟುಕೊಳ್ಳಿ.

ತೊಂದರೆಯಾದಾಗ ಯಾರ ಬಳಿ ಹೋಗಬೇಕು? ರ‍್ಯಾಗಿಂಗ್ ಅಪರಾಧ. ಹಗಲಿರುಳು ತೆರೆದಿರುವ ರಾಷ್ಟ್ರೀಯ ಸಹಾಯವಾಣಿಯ ನಂಬರ್ 1800-180-5522. ಲೈಂಗಿಕ ಕಿರುಕುಳಕ್ಕೆ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಮೇಷ್ಟ್ರೇ ಆಗಿದ್ದರೂ, ಸಹಪಾಠಿಯೇ ಆಗಿದ್ದರೂ ಕೊಡಬಹುದು. ಅಂಕ, ಫೀಸು, ದಾಖಲೆ ಹಿಡಿದಿಟ್ಟುಕೊಳ್ಳುವುದು ಇಂಥವಕ್ಕೆ ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಯ ಮುಂದೆ ಮೇಲ್ಮನವಿ. ದೂರು ಕೊಟ್ಟಾಗ ಸ್ವೀಕೃತಿಯ ಸಹಿ ಹಾಕಿಸಿಕೊಂಡ ಪ್ರತಿ ನಿಮ್ಮ ಕೈಯಲ್ಲಿರಲಿ.

ಮನಸ್ಸಿನ ಭಾರದ ವಿಷಯ ನಮ್ಮ ಕಡೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ವಯಸ್ಸಾಯಿತು, ಕೆಲಸ ಸಿಕ್ಕಿಲ್ಲ, ಜೊತೆಯವರು ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ ಎಂಬ ಕೊರಗು ಎಂ.ಎ. ಓದುವ ಮಕ್ಕಳನ್ನು ಒಳಗೇ ತಿನ್ನುತ್ತದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ ನಂಬರ್ 14416. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜ್ವರಕ್ಕೆ ಹೋದಷ್ಟೇ ಸಹಜವಾಗಿ ಹೋಗಿ. ಅಪ್ಪ ಅಮ್ಮಂದಿರಿಗೂ ಒಂದು ಮಾತು: ಮಗಳು ನಿದ್ದೆ ಊಟ ಬಿಟ್ಟು ಕೂತರೆ ಓದಿನ ಗರ್ವವೆಂದು ಗದರಬೇಡಿ.

ಕೊನೆಗೆ ಕಾಲೇಜು, ವಿಭಾಗಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಪರಿಚಯದ ಕಾರ್ಯಕ್ರಮವನ್ನು ಎರಡು ಸಲ ಮಾಡಿ. ಎರಡನೆಯದು ಕೊನೆಯ ಸುತ್ತಿನ ಪ್ರವೇಶ ಮುಗಿದ ಮೇಲೆ, ಪಾಠವಿರುವ ದಿನ ಬೆಳಗ್ಗೆ ಹನ್ನೊಂದಕ್ಕೆ, ಅತಿಥಿಗಳಿಲ್ಲದೆ, ಕನ್ನಡದಲ್ಲಿ ನಡೆಯಲಿ. ವಿದ್ಯಾರ್ಥಿವೇತನ ನೋಡಿಕೊಳ್ಳುವ ಗುಮಾಸ್ತರು, ಗ್ರಂಥಪಾಲಕರು, ದೂರು ಸಮಿತಿಯವರು ಖುದ್ದಾಗಿ ಬಂದು ಮುಖ ತೋರಿಸಲಿ. ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ತಾಲ್ಲೂಕಿನ ಪ್ರಕಾರ ಹೊಸಬರ ಜೊತೆ ಸೇರಿಸಿ. ಮಳವಳ್ಳಿಯ ಬಸ್ಸಿಗೆ ಮಳವಳ್ಳಿಯವರು, ಮದ್ದೂರಿನ ರೈಲಿಗೆ ಮದ್ದೂರಿನವರು. ದಿನಕ್ಕೆ ಎರಡು ಹೊತ್ತು ಒಟ್ಟಿಗೆ ಪ್ರಯಾಣ ಮಾಡುವವರಿಗೆ ಮಾತಾಡಲು ಬೇರೆ ಸಮಯ ಬೇಕಾಗುವುದಿಲ್ಲ. ಲೈಬ್ರರಿ ಸಂಜೆ ತೆರೆದಿರುವುದು ಹಾಸ್ಟೆಲ್ಲಿನವರಿಗೆ ಅನುಕೂಲ, ಬೆಳಗ್ಗೆ ಒಂದು ಗಂಟೆ ಮೊದಲೇ ತೆರೆದರೆ ಊರಿನಿಂದ ಬರುವವರಿಗೂ ಅನುಕೂಲ. ಈ ವರ್ಷದ ತರಗತಿಗಳಿಂದಲೇ ಇದನ್ನು ಶುರುಮಾಡಬಹುದು.